ತೊಟ್ಟಿಯ ಕೊರಡಿಗೆ ಬಂದ ಬೂಷ್ಟು

ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಮರಳನ್ನು ಹರಡಿ, ಜಲಸಸ್ಯಗಳನ್ನು ನೆಟ್ಟು, ಅವುಗಳ ನಡುವೆ ಸೊಗಸಾಗಿ ಕವಲೊಡೆದ ಕೊರಡೊಂದನ್ನು ನಿಲ್ಲಿಸಿದವರು, ವಾರ ಕಳೆಯುವುದರೊಳಗಾಗಿ ಅದರ ಮೈಮೇಲೆಲ್ಲ ಹತ್ತಿಯ ಎಳೆಯಂತಹ ಬಿಳಿಯ ಪೊರೆಯೊಂದು ಹಬ್ಬಿರುವುದನ್ನು ಕಂಡು ಕಳವಳಗೊಳ್ಳುವುದು ಸಹಜವೇ ಸರಿ. ಮೀನುಗಳಿಗೆ ವ್ಯಾಧಿ ತಗುಲೀತೆಂಬ ಭಯದಿಂದ ಅಂಗಡಿಗೆ ಧಾವಿಸಿ, ಕೈಗೆ ಸಿಕ್ಕ ಔಷಧವನ್ನು ತಂದು ನೀರಿಗೆ ಸುರಿಯುವವರೂ ಉಂಟು. ಬೂಷ್ಟಿಗಿಂತಲೂ ಈ ಅವಸರವೇ ಹೆಚ್ಚು ಹಾನಿಕರವೆಂಬುದು ನನ್ನ ದೃಢವಾದ ಅಭಿಪ್ರಾಯ.

ಮರವು ಒಣಗಿ ಎಷ್ಟೋ ಕಾಲವಾದ ಮೇಲೂ ಅದರೊಳಗೆ ಶರ್ಕರವೇ ಮೊದಲಾದ ಪೋಷಕದ್ರವ್ಯಗಳು ಉಳಿದಿರುತ್ತವೆ. ನೀರಿನಲ್ಲಿ ಮುಳುಗಿದಾಗ ಅವು ಮೆಲ್ಲಮೆಲ್ಲನೆ ಕರಗಿ ಹೊರಬರತೊಡಗಲು, ಬ್ಯಾಕ್ಟೀರಿಯಾಗಳೂ ಶಿಲೀಂಧ್ರಗಳೂ ಅವನ್ನುಂಡು ಒಡನೊಡನೆ ಬೆಳೆದು ಈ ಪೊರೆಯನ್ನು ಹೆಣೆಯುತ್ತವೆ. ಅಂಗಡಿಗಳಲ್ಲಿ ಸ್ಪೈಡರ್‌ವುಡ್ ಎಂದು ಮಾರುವ, ಸಪೂರವಾದ ಕವಲುಗಳುಳ್ಳ ಬೇರುಮರದಲ್ಲಿ ಇದರ ಹಾವಳಿ ವಿಶೇಷ. ಕಾಡಿನ ಹಳ್ಳಕ್ಕೆ ಬಿದ್ದ ರೆಂಬೆಗೂ ಇದೇ ಆಗುವುದಾದರೂ, ಅಲ್ಲಿ ಹರಿಯುವ ನೀರೂ ಮೇಯುವ ಜೀವಿಗಳೂ ಅದನ್ನು ಹೆಚ್ಚು ಬೆಳೆಯಗೊಡುವುದಿಲ್ಲ. ತೊಟ್ಟಿಯಲ್ಲಿಯೂ ಮರದೊಳಗಿನ ಆಹಾರವು ತೀರಿದೊಡನೆ, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ, ಪೊರೆಯು ತಾನಾಗಿಯೇ ಕ್ಷಯಿಸುತ್ತದೆ. ಗಾಯಗೊಂಡ ಮೀನಿನ ಮೈಮೇಲೆ ಬೆಳೆಯುವ ಬಿಳಿಯ ಬೂಷ್ಟು ಬೇರೆಯೇ ಸಂಗತಿ. ಅದಕ್ಕೆ ಚಿಕಿತ್ಸೆ ಬೇಕು. ಕೊರಡಿನ ಪೊರೆಯಿಂದ ಆರೋಗ್ಯವಂತ ಮೀನಿಗೆ ಭಯವಿಲ್ಲ.

ನೋಟಕ್ಕೆ ಅಸಹ್ಯವೆನಿಸಿದರೆ ಕೊರಡನ್ನು ಹೊರತೆಗೆದು, ನಲ್ಲಿಯ ಕೆಳಗೆ ಹಿಡಿದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು. ಸೋಪನ್ನು ಎಂದಿಗೂ ಸೋಕಿಸಲಾಗದು. ಲೋಳೆಯು ಎಳೆಯೆಳೆಯಾಗಿ ಜಾರಿಹೋಗಿ, ಅಡಿಯಿಂದ ಮರದ ಕಂದುಗೆರೆಗಳು ನಿಚ್ಚಳವಾಗಿ ಮೇಲೇಳುತ್ತವೆ. ಕೆಲವು ದಿನಗಳಲ್ಲಿ ಪೊರೆ ಮರಳಿ ಬಂದೀತು. ಆದರೆ ಪ್ರತಿ ಸಲವೂ ತೆಳುವಾಗುತ್ತ ಹೋಗುತ್ತದೆ. ತೊಟ್ಟಿಗೆ ಇಳಿಸುವ ಮುನ್ನವೇ ಸಣ್ಣ ಕೊರಡನ್ನು ಒಂದೆರಡು ಗಂಟೆ ಕುದಿಸುವುದೂ, ದೊಡ್ಡದನ್ನು ಒಂದೆರಡು ವಾರ ನೀರು ಬದಲಿಸುತ್ತ ನೆನೆಹಾಕುವುದೂ ಉತ್ತಮ ಪದ್ಧತಿ. ಈ ಪೊರೆಯನ್ನು ಆಹಾರವಾಗಿಯೇ ಸ್ವೀಕರಿಸುವ ಜೀವಿಗಳೂ ಇವೆ: ಬಸವನಹುಳುಗಳು ಹಾಗೂ, ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ ಜಲೋದ್ಯಾನಗಳಲ್ಲಿ ಪ್ರಚುರಪಡಿಸಿದ, ಈಗ ಅವರ ಹೆಸರನ್ನೇ ಹೊತ್ತಿರುವ ಪುಟ್ಟ ಸೀಗಡಿಗಳು. ತಾಮ್ರವುಳ್ಳ ಔಷಧಗಳು ಇವಕ್ಕೆ ಮಾರಕ. ಬ್ಯಾಕ್ಟೀರಿಯಾನಾಶಕ ಔಷಧಗಳಾದರೋ ಅಮೋನಿಯಾವನ್ನು ಪರಿವರ್ತಿಸಿ ನೀರನ್ನು ಕಾಯುವ ಉಪಕಾರಿ ಬ್ಯಾಕ್ಟೀರಿಯಾಗಳಿಗೂ ಕೇಡು ಬಗೆಯಬಲ್ಲವು.

ಬೂಷ್ಟು ದಟ್ಟವಾಗಿದ್ದಲ್ಲಿ ಅದು ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ, ಮುಂಜಾನೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ, ಇರುಳೆಲ್ಲ ಗಾಳಿಯ ಪಂಪನ್ನು ನಡೆಸಿ, ಕಾಲುಭಾಗ ನೀರನ್ನು ಬದಲಿಸುವುದು ಲೇಸು. ಉಗುರಿನಿಂದ ಒತ್ತಿದರೆ ಕುಸಿಯುವಷ್ಟು ಮೆದುವಾಗಿ, ಕೊಳೆತ ಮೊಟ್ಟೆಯ ನಾತ ಬೀರುವ ಕೊರಡು ಒಳಗಿನಿಂದಲೇ ಕೊಳೆಯುತ್ತಿರುತ್ತದೆ. ಅದನ್ನು ಮಾತ್ರ ಉಳಿಸಿಕೊಳ್ಳಲು ಯತ್ನಿಸದೆ, ಅಂದೇ ಹೊರಗೆ ಹಾಕಿರಿ.