ನಿಲ್ದಾಣದ ಜೀರ್ಣೋದ್ಧಾರ: ಬೋರಿಬಂದರ ಮತ್ತು ಲಾಸಲಗಾಂವ್

ಹಳೆಯ ಕನ್ನಡ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸಿ, ಶಿಥಿಲವಾದುದನ್ನು ಮರಳಿ ಎತ್ತಿ ನಿಲ್ಲಿಸುವುದು ಎಂದು ಅದರ ಅರ್ಥ. ಅದೇ ದತ್ತಿಯಲ್ಲಿ ನಂದಾದೀವಿಗೆ, ನೈವೇದ್ಯ, ಆಹಾರದಾನಗಳಿಗೂ ಭೂಮಿಯನ್ನು ಬಿಡುವುದು ವಾಡಿಕೆಯಾಗಿತ್ತು. ಕಟ್ಟಡವು ಉಳಿಯಬೇಕು, ಅದರೊಳಗಿನ ಕಾರ್ಯವೂ ಎಡೆಬಿಡದೆ ಸಾಗಬೇಕು. ಈ ಎರಡು ಉದ್ದೇಶಗಳನ್ನು ದಾನಿಗಳು ಒಂದಾಗಿಯೇ ಕಂಡಿದ್ದರು. ದೇಶದ ಹಳೆಯ ರೈಲು ನಿಲ್ದಾಣಗಳನ್ನು ದುರಸ್ತಿಗೊಳಿಸಿ ಆಧುನಿಕಗೊಳಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದಿರುವ ಈ ಕಾಲದಲ್ಲಿ ಆ ಪ್ರಾಚೀನ ದೃಷ್ಟಿಯನ್ನು ನೆನೆಯುವುದು ಉಚಿತವಾಗಿದೆ.

2025ರ ಮೇ 22ರಂದು ‘ಅಮೃತ ಭಾರತ’ ಯೋಜನೆಯಲ್ಲಿ ನವೀಕರಣಗೊಂಡ 103 ನಿಲ್ದಾಣಗಳ ಉದ್ಘಾಟನೆ ಒಂದೇ ದಿನ ನಡೆಯಿತು. ಆ ಪಟ್ಟಿಯಲ್ಲಿ ಮಹಾರಾಷ್ಟ್ರದ 15 ನಿಲ್ದಾಣಗಳಿದ್ದವು. ಮುಂಬಯಿ ಕನ್ನಡಿಗರ ನಿತ್ಯದ ಓಡಾಟಕ್ಕೆ ಸೇರಿದ ಮಾಟುಂಗಾ, ವಡಾಲಾ, ಪರೇಲ್‌ಗಳ ಜೊತೆಯಲ್ಲಿಯೇ ನಾಸಿಕ್ ಜಿಲ್ಲೆಯ ನಿಫಾಡ್ ತಾಲೂಕಿನ ಲಾಸಲಗಾಂವ್ ಎಂಬ ಹೆಸರೂ ಇತ್ತು. ಕರ್ನಾಟಕದಿಂದ ಧಾರವಾಡ, ಗದಗ, ಬಾಗಲಕೋಟೆ, ಗೋಕಾಕ ರೋಡ್, ಮುನಿರಾಬಾದ್ ಎಂಬ ಐದು ನಿಲ್ದಾಣಗಳು ಸೇರಿದ್ದವು.

ಲಾಸಲಗಾಂವ್ ಇರುವುದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯು ಹಾಕಿದ ಹಳೆಯ ದಾರಿಯಲ್ಲಿ, ನಾಸಿಕ್ ರೋಡ್ ಮತ್ತು ಮನಮಾಡ್ ಜಂಕ್ಷನ್ನುಗಳ ನಡುವೆ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಯವರೆಗೆ 34 ಕಿಲೋಮೀಟರ್ ಓಡಿದ ಮೊದಲ ಪ್ರಯಾಣಿಕ ಬಂಡಿಯ ದಾರಿಯೇ ಮುಂದುವರಿದು ಸಹ್ಯಾದ್ರಿಯನ್ನೇರಿತು. ಕಸಾರಾ-ಇಗತಪುರಿಗಳ ನಡುವಿನ ಥಳಘಾಟಿನಲ್ಲಿ 37 ಅಡಿ ಸಾಗಿದರೆ 1 ಅಡಿ ಏರುವ ಕಡಿದಾದ ದಾರಿಯನ್ನು ಕಡಿದು, 1865ರಲ್ಲಿ ಸಂಚಾರಕ್ಕೆ ತೆರೆಯಲಾಯಿತು. ಒಳನಾಡಿನ ಹತ್ತಿಯನ್ನು ಬಂದರಿಗೆ ಸಾಗಿಸುವುದು ಈ ಸಾಹಸದ ಮುಖ್ಯ ಪ್ರೇರಣೆಗಳಲ್ಲೊಂದು. ಬೋರಿಬಂದರವೂ ಲಾಸಲಗಾಂವೂ ಹೀಗೆ ಒಂದೇ ಹಳಿಗೆ ಪೋಣಿಸಲ್ಪಟ್ಟವು. ಇವುಗಳಲ್ಲಿ ಒಂದು ಕಲೆಯಿಂದ ಪ್ರಸಿದ್ಧವಾಯಿತು, ಇನ್ನೊಂದು ಬೆಳೆಯಿಂದ.

ಬೋರಿಬಂದರದ ಭವನವನ್ನು ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿ ರೂಪಿಸಿದನು. 1878ರಲ್ಲಿ ಆರಂಭವಾದ ಕಟ್ಟಡದ ಕೆಲಸಕ್ಕೆ ಹತ್ತು ವರ್ಷಗಳು ಹಿಡಿದವು. ಐರೋಪ್ಯ ಗಾಥಿಕ್ ಶೈಲಿಯೊಡನೆ ಭಾರತೀಯ ಅರಮನೆಗಳ ಗೋಪುರ-ಕಮಾನುಗಳನ್ನು ಬೆರೆಸಿ ಕಟ್ಟಿದ ಆ ಭವನದ ಎಂಟು ಮೂಲೆಯ ಕಲ್ಲಿನ ಗುಮ್ಮಟದ ನೆತ್ತಿಯ ಮೇಲೆ ‘ಪ್ರಗತಿ’ಯ ಸ್ತ್ರೀವಿಗ್ರಹ ನಿಂತಿದೆ. ವಿಕ್ಟೋರಿಯಾ ಟರ್ಮಿನಸ್ ಎಂಬ ಅದರ ಹೆಸರು 1996ರಲ್ಲಿ ಛತ್ರಪತಿ ಶಿವಾಜಿಯ ಹೆಸರಿಗೆ ಬದಲಾಯಿತು. 2004ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ವಿಶ್ವಪರಂಪರೆಯ ತಾಣವೆಂದು ಅಂಗೀಕರಿಸಿತು. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಹೊಸದಿಲ್ಲಿ, ಅಹಮದಾಬಾದ್ ಮತ್ತು ಈ ನಿಲ್ದಾಣದ ಪುನರ್ನಿರ್ಮಾಣಕ್ಕೆ ಒಟ್ಟು ಸುಮಾರು 10,000 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. ಹಳೆಯ ಭವನದ ಅಂದಕ್ಕೆ ಕುಂದಾಗದಂತೆ, ಹಳಿಗಳ ಮೇಲ್ಗಡೆ ವಿಶಾಲವಾದ ಅಂಗಣವನ್ನು ಹರಹಿ, ಬರುವವರಿಗೂ ಹೋಗುವವರಿಗೂ ಬೇರೆ ಬೇರೆ ದಾರಿಗಳನ್ನು ಕಲ್ಪಿಸುವುದು ಇದರ ತಿರುಳು.

ಇಲ್ಲಿ ಎದುರಾಗುವ ಕಷ್ಟ ವಿಶಿಷ್ಟವಾದುದು. ದೇವಾಲಯದ ಜೀರ್ಣೋದ್ಧಾರದ ಕಾಲದಲ್ಲಿ ದೇವತಾಸಾನ್ನಿಧ್ಯವನ್ನು ಬಾಲಾಲಯಕ್ಕೆ ಸಾಗಿಸಿ, ಪೂಜೆಯನ್ನು ಅಲ್ಲಿಯೇ ನಡೆಸುವ ಪದ್ಧತಿಯುಂಟು. ರೈಲು ನಿಲ್ದಾಣಕ್ಕೆ ಅಂಥ ಬಾಲಾಲಯವಿಲ್ಲ. ದಿನವೂ ಲಕ್ಷಾಂತರ ಜನ ಹಾಯುವ 18 ಪ್ಲಾಟ್‌ಫಾರ್ಮುಗಳ ನಡುವೆಯೇ ಅಡಿಪಾಯವನ್ನು ತೋಡಬೇಕು, ಕಂಬಗಳನ್ನು ಎಬ್ಬಿಸಬೇಕು. ಆದರೂ ಬೋರಿಬಂದರದಲ್ಲಿ ಏನನ್ನು ಉಳಿಸಬೇಕೆಂಬ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಜಗತ್ತೇ ಅದಕ್ಕೆ ಸಾಕ್ಷಿಯಾಗಿದೆ.

ಲಾಸಲಗಾಂವಿನಲ್ಲಿ ಉಳಿಸಬೇಕಾದುದು ಯಾವುದೆಂಬುದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದು. ಅಲ್ಲಿ ಗುಮ್ಮಟವಿಲ್ಲ, ವಿಗ್ರಹವಿಲ್ಲ. 1947ರಲ್ಲಿ ಸ್ಥಾಪಿತವಾದ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಅಂಗಳವೇ ಆ ಊರಿನ ಕೀರ್ತಿಗೆ ಮೂಲ. ಈರುಳ್ಳಿಯ ವ್ಯಾಪಾರದಲ್ಲಿ ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾದ ಪೇಟೆಯಿದು. ಇಲ್ಲಿ ಹರಾಜಿನಲ್ಲಿ ಕೂಗಿದ ದರವು ದೂರದ ಊರುಗಳ ಅಡಿಗೆಮನೆಗೂ ತಟ್ಟುತ್ತದೆ. ಉತ್ತರ ಕರ್ನಾಟಕದವರು ಉಳ್ಳಾಗಡ್ಡಿಯೆನ್ನುವ ಈ ಬೆಳೆಯ ಸ್ವಭಾವವೇ ಸಾಗಾಟದ ಸಮಸ್ಯೆಯನ್ನು ಹುಟ್ಟಿಸುವಂಥದು. ಮುಂಗಾರಿನ ಗಡ್ಡೆ ಬಹುಕಾಲ ಬಾಳುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಕಿತ್ತ ಹಿಂಗಾರಿನ ಗಡ್ಡೆಯನ್ನು ಗಾಳಿಯಾಡುವ ‘ಚಾಳ’ಗಳಲ್ಲಿ ರೈತರು ತಿಂಗಳುಗಟ್ಟಲೆ ಕಾಪಿಡುತ್ತಾರೆ, ತೇವ ತಗಲಿದರೆ ಅದು ಕೊಳೆಯುತ್ತದೆ, ಕಾಲ ಮೀರಿದರೆ ಮೊಳೆಯುತ್ತದೆ. ಈ ಮೊಳಕೆಯನ್ನು ವಿಕಿರಣದಿಂದ ತಡೆಯುವ ಸಲುವಾಗಿ ಭಾಭಾ ಅಣುಸಂಶೋಧನ ಕೇಂದ್ರವು ‘ಕೃಷಕ’ ಎಂಬ ಘಟಕವನ್ನು 2002ರಲ್ಲಿ ಇಲ್ಲಿಯೇ ಸ್ಥಾಪಿಸಿತು. ವಿಜ್ಞಾನವು ಇಷ್ಟು ದೂರ ಬಂದ ಮೇಲೂ, ತಕ್ಕ ಹೊತ್ತಿಗೆ ತಕ್ಕ ಬಂಡಿ ದೊರೆಯದಿದ್ದರೆ ರೈತನ ಶ್ರಮ ಗೊಬ್ಬರದ ಗುಂಡಿಯನ್ನು ಸೇರುತ್ತದೆ.

ಲಾರಿಗಳ ಸಾರಿಗೆ ಬೆಳೆದಂತೆ ಈ ಸರಕಿನ ಬಹುಭಾಗ ರಸ್ತೆಯ ಪಾಲಾಯಿತು. ರೈಲಿನ ಉಪಯುಕ್ತತೆ ಮಾತ್ರ ಕುಂದಿಲ್ಲ. 2020ರ ಆಗಸ್ಟ್ 7ರಂದು ದೇಶದ ಮೊದಲ ‘ಕಿಸಾನ್ ರೈಲು’ ಇದೇ ಜಿಲ್ಲೆಯ ದೇವಳಾಲಿಯಿಂದ ಬಿಹಾರದ ದಾನಾಪುರಕ್ಕೆ ಹೊರಟಿತು. 2024ರ ಅಕ್ಟೋಬರಿನಲ್ಲಿ ‘ಕಾಂದಾ ಎಕ್ಸ್‌ಪ್ರೆಸ್’ ಎಂಬ ವಿಶೇಷ ಬಂಡಿ 42 ವ್ಯಾಗನ್ನುಗಳಲ್ಲಿ 1,600 ಟನ್ ಈರುಳ್ಳಿಯನ್ನು ಹೊತ್ತು ದಿಲ್ಲಿಯನ್ನು ಮುಟ್ಟಿತು. ಒಂದು ಪೂರ್ಣ ಬಂಡಿಯ ಸರಕನ್ನು ನಾಸಿಕದಿಂದ ದಿಲ್ಲಿಗೆ ರಸ್ತೆಯಿಂದ ಒಯ್ದರೆ ಸುಮಾರು 84 ಲಕ್ಷ ರೂಪಾಯಿ, ರೈಲಿನಿಂದಾದರೆ ಸುಮಾರು 70 ಲಕ್ಷ ರೂಪಾಯಿ ಖರ್ಚೆಂದು ಸರಕಾರವು ಆಗ ಲೆಕ್ಕ ಕೊಟ್ಟಿತು.

ಇದರಿಂದ ತಿಳಿಯುವುದೇನೆಂದರೆ, ಲಾಸಲಗಾಂವಿನ ನಿಲ್ದಾಣದ ಐತಿಹಾಸಿಕತೆ ಅದರ ಗೋಡೆಗಳಿಗಿಂತ ಹೆಚ್ಚಾಗಿ ಅದರ ದುಡಿಮೆಯಲ್ಲಿದೆ. ನಿರೀಕ್ಷಣಾಲಯ, ಶೌಚಾಲಯ, ನೆರಳು, ವೃದ್ಧರಿಗೂ ಅಂಗವಿಕಲರಿಗೂ ಅನುಕೂಲವಾದ ದಾರಿ — ಅಮೃತ ಭಾರತ ಯೋಜನೆಯು ಗಮನವಿಟ್ಟ ಈ ಸೌಕರ್ಯಗಳೆಲ್ಲ ಅವಶ್ಯವಾದವು. ಬಹುಕಾಲದ ಕೊರತೆಗಳನ್ನು ತುಂಬುವಂಥವು. ಸ್ಥಳೀಯ ಸಂಸ್ಕೃತಿಯನ್ನು ಕಟ್ಟಡದಲ್ಲಿ ಮೂಡಿಸಬೇಕೆಂಬ ಆಶಯವೂ ಯೋಜನೆಯಲ್ಲಿದೆ. ಆದರೆ ಈರುಳ್ಳಿಯ ಚಿತ್ರವನ್ನು ಗೋಡೆಯ ಮೇಲೆ ಬರೆಸುವುದಕ್ಕೂ ಈರುಳ್ಳಿಯ ಮೂಟೆಗೆ ವ್ಯಾಗನ್ನಿನಲ್ಲಿ ಎಡೆ ಕೊಡುವುದಕ್ಕೂ ಅಂತರ ಬಹಳ. ಸರಕಿನ ಕಟ್ಟೆಗೆ ಸೂರು, ಮಾರುಕಟ್ಟೆಯಿಂದ ಬರುವ ಬಂಡಿಗಳಿಗೆ ದಾರಿ, ಸುಗ್ಗಿಯ ತಿಂಗಳುಗಳಲ್ಲಿ ಗಾಳಿಯಾಡುವ ವ್ಯಾಗನ್ನುಗಳ ನಿಶ್ಚಿತ ಪೂರೈಕೆ — ಇವು ಇಲ್ಲಿಯ ನಂದಾದೀವಿಗೆಗೆ ಬಿಟ್ಟ ದತ್ತಿಯಂತೆ.

ಈ ವಿವೇಚನೆ ಕನ್ನಡನಾಡಿನ ನಿಲ್ದಾಣಗಳಿಗೂ ಸಲ್ಲುತ್ತದೆ. 1876-78ರ ಭೀಕರ ಕ್ಷಾಮದ ತರುವಾಯ, 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಗದಗ, ಧಾರವಾಡಗಳ ಮೇಲೆ ಮೀಟರ್ ಗೇಜ್ ಹಳಿ ಹಾಕಿದಾಗ, ಬರ ಬಿದ್ದ ನಾಡಿಗೆ ಧಾನ್ಯ ಮುಟ್ಟಬೇಕೆಂಬ ಉದ್ದೇಶವೂ ಅದರ ಹಿಂದಿತ್ತು. ಹತ್ತಿಯ ಪೇಟೆಯಾಗಿ ಬೆಳೆದ ಗದಗಿನ ಸುತ್ತಲಿನ ಎರೆಭೂಮಿಯಲ್ಲಿ ಇಂದು ಉಳ್ಳಾಗಡ್ಡಿಯೂ ಬೆಳೆಯುತ್ತದೆ. ಆ ನಿಲ್ದಾಣಗಳ ಹೊಸ ಮುಖವನ್ನು ಕಂಡು ಪರಸ್ಥಳದ ಕನ್ನಡಿಗನು ಸಂತೋಷಪಡುವುದು ಸಹಜ. ಸುತ್ತಣ ಹೊಲಗಳ ಬೆಳೆ ಆ ಹಳಿಯನ್ನೇರುವುದೇ ಎಂಬ ಪ್ರಶ್ನೆಯನ್ನೂ ಅವನು ಅದರೊಡನೆ ಕೇಳಬೇಕಾಗಿದೆ. ಖಂಡಸ್ಫುಟಿತವನ್ನು ಸರಿಪಡಿಸಿದವರು ದೀವಿಗೆಯ ಎಣ್ಣೆಯನ್ನು ಮರೆತರೆ ಜೀರ್ಣೋದ್ಧಾರವು ಅರ್ಧಕ್ಕೇ ನಿಂತಂತಾಗುತ್ತದೆ.