ದರ್ಗಾದ ಹೆಸರಲ್ಲೊಂದು ವಿಶ್ವವಿದ್ಯಾಲಯ

ಸೂಫಿ ಸಂತ ಖ್ವಾಜಾ ಬಂದೇ ನವಾಜರು ಕಲಬುರಗಿಗೆ ಬಂದು ನೆಲೆಸಿದಾಗ ಅವರಿಗೆ ಎಂಬತ್ತರ ಆಸುಪಾಸು. 1398ರಲ್ಲಿ ತೈಮೂರನ ದಂಡು ದಿಲ್ಲಿಯ ಮೇಲೆ ಬಿದ್ದ ಹೊತ್ತಿಗೆ ಊರು ಬಿಟ್ಟವರು, ಬಹಮನಿ ಸುಲ್ತಾನ ಫಿರೋಜ್ ಷಾನ ಕಾಲದಲ್ಲಿ ಇಲ್ಲಿಗೆ ತಲುಪಿದರು. ಮೂಲೆ ಹಿಡಿದು ಕೂರಬೇಕಾದ ವಯಸ್ಸಿನಲ್ಲಿ ಖಾನ್‌ಖಾ (ಸೂಫಿಗಳ ಆಶ್ರಮ) ತೆರೆದು ಶಿಷ್ಯರಿಗೆ ಪಾಠ ಹೇಳಿದರು. 1422ರಲ್ಲಿ ತೀರಿಕೊಂಡರು.

ಪಾಠ ನಿಂತಿಲ್ಲ, ವಿಷಯಗಳು ಬದಲಾಗಿವೆ. 1958ರಲ್ಲಿ ಅವರ ದರ್ಗಾದ ಅಂದಿನ ಸಜ್ಜಾದಾ ನಶೀನ್ (ಪೀಠದ ವಾರಸುದಾರರು) ಸೈಯದ್ ಷಾ ಮುಹಮ್ಮದ್ ಅಲ್ ಹುಸೈನಿ ಅವರು ಖಾಜಾ ಎಜುಕೇಷನ್ ಸೊಸೈಟಿ ಕಟ್ಟಿದರು. 1980ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು, 2000ದಲ್ಲಿ ಮೆಡಿಕಲ್ ಕಾಲೇಜು. ಹೆಣ್ಣುಮಕ್ಕಳ ಕಾಲೇಜಿಗೆ ಖ್ವಾಜಾರ ಪತ್ನಿ ಬೀಬೀ ರಜಾ ಅವರ ಹೆಸರಿದೆ. 2018ರಲ್ಲಿ ರಾಜ್ಯದ ಕಾಯ್ದೆಯ ಮೂಲಕ ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯವೇ ಹುಟ್ಟಿತು.

ಇದಕ್ಕೆ ಮಾದರಿ ಹುಡುಕಲು ಬಾಗ್ದಾದಿಗೋ ಅಜ್ಮೀರಕ್ಕೋ ಹೋಗಬೇಕಿಲ್ಲ. ಕನ್ನಡನಾಡಿನ ಮಠಗಳು ತುಳಿದ ದಾರಿಯೇ ಇದು. ಅದೇ ಊರಿನ ಶರಣಬಸವೇಶ್ವರ ಸಂಸ್ಥಾನಕ್ಕೂ 2017ರಿಂದ ತನ್ನದೇ ವಿಶ್ವವಿದ್ಯಾಲಯವಿದೆ. ಶರಣಬಸವೇಶ್ವರರ ಜಾತ್ರೆಗೆ ತೇರು, ಬಂದೇ ನವಾಜರ ಉರುಸಿಗೆ ಸಂದಲ್ (ಗಂಧ). ಫಲಿತಾಂಶ ಬಂತೆಂದರೆ ಎರಡೂ ಕಡೆ ಅಡ್ಮಿಷನ್ನಿನ ಸಾಲು. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು ಓದಿನಲ್ಲಿ ಹಿಂದುಳಿದ ಸೀಮೆಯಲ್ಲಿ, ಭಕ್ತರ ಮಕ್ಕಳಿಗೆ ತಾಯಿತಕ್ಕಿಂತ ಸೀಟು ಮುಖ್ಯವೆಂದು ಇಬ್ಬರಿಗೂ ಹೊಳೆದಿರಬೇಕು.

2024ರಲ್ಲಿ ನಿಧನರಾದ ಸಜ್ಜಾದಾ ನಶೀನ್ ಸೈಯದ್ ಷಾ ಖುಸ್ರೋ ಹುಸೈನಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಓದಿದವರು. ತಮ್ಮ ಪೂರ್ವಜನ ಸೂಫಿ ಚಿಂತನೆಯ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಪೀಠಕ್ಕೆ ವಂಶದ ಹಕ್ಕು ಸಾಕಿತ್ತು. ಅವರು ಸಂಶೋಧನೆಯನ್ನೂ ಮಾಡಿದರು.

ಉರುಸು ಮಾತ್ರ ಹಳೆಯ ಲೆಕ್ಕದಲ್ಲೇ ನಡೆಯುತ್ತದೆ. ಜಿಲ್ಕಾದ್ ತಿಂಗಳಲ್ಲಿ ಮೆಹಬೂಬ್ ಗುಲ್ಶನ್ ಉದ್ಯಾನದಿಂದ ಸಂದಲ್ ಮೆರವಣಿಗೆ ಹೊರಟು ದರ್ಗಾ ಸೇರುತ್ತದೆ. ಚಾಂದ್ರಮಾನದ ತಿಂಗಳಾದ್ದರಿಂದ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತ, ಕೆಲವು ವರ್ಷ ರಜೆಗೆ, ಕೆಲವು ವರ್ಷ ಪರೀಕ್ಷೆಯ ನಡುವೆ ಬರುತ್ತದೆ. ಹಿಂದೂ ಭಕ್ತರೂ ಹರಕೆ ತೀರಿಸಲು ಬರುತ್ತಾರೆ.

ಒಂದು ಕಟ್ಟಳೆ ಸಡಿಲಗೊಂಡಿಲ್ಲ. ಗೋರಿಯಿರುವ ಒಳಕೋಣೆಗೆ ಹೆಂಗಸರಿಗೆ ಪ್ರವೇಶವಿಲ್ಲ. ಹೊರಗೆ ನಿಂತೇ ಬೇಡಿಕೊಳ್ಳಬೇಕು. ಪಕ್ಕದಲ್ಲೇ ಡಾಕ್ಟರಿಕೆ ಓದುವ ಹುಡುಗಿಗೂ ಅದೇ ನಿಯಮ. ಮುಂಬೈನ ಹಾಜಿ ಅಲಿ ದರ್ಗಾದಲ್ಲಿ ಇಂಥದೇ ನಿಷೇಧ ನ್ಯಾಯಾಲಯದ ಮೆಟ್ಟಿಲೇರಿ, 2016ರಲ್ಲಿ ಬಾಂಬೆ ಹೈಕೋರ್ಟಿನ ತೀರ್ಪಿನ ಮೇಲೆ ತೆರವಾಯಿತು.