ದಾರಿ ಬರೆದಿಟ್ಟವರು

2006ರಲ್ಲಿ ಬಂದ ‘ಫೈನಲ್ ಫ್ಯಾಂಟಸಿ 12’ ಎಂಬ ಜಪಾನಿನ ವಿಡಿಯೊ ಗೇಮ್‌ನಲ್ಲಿ ಜೋಡಿಯಾಕ್ ಸ್ಪಿಯರ್ ಎಂಬ ಈಟಿಯೊಂದಿದೆ. ಅದಕ್ಕಿಂತ ಬಲವಾದ ಆಯುಧ ಆ ಆಟದಲ್ಲಿ ಇನ್ನೊಂದಿಲ್ಲ. ಅದು ಖಚಿತವಾಗಿ ಕೈಗೆ ಬರಬೇಕಾದರೆ ಪರಾಕ್ರಮವೊಂದೇ ಸಾಲದು, ದಾರಿಯುದ್ದಕ್ಕೂ ಸಿಗುವ ಲೆಕ್ಕವಿಲ್ಲದಷ್ಟು ಪೆಟ್ಟಿಗೆಗಳಲ್ಲಿ ನಾಲ್ಕನ್ನು ಮುಟ್ಟದೆ ಬಿಡಬೇಕು. ಮೊದಲನೆಯದು ಆಟ ಶುರುವಾದ ಸ್ವಲ್ಪ ಹೊತ್ತಿಗೇ, ಊರಿನ ಕೆಳಕೇರಿಯಲ್ಲಿ ಮುದುಕನೊಬ್ಬನ ಮನೆಯ ಹೊರಗೆ ಕಾಣಿಸುತ್ತದೆ. ಇನ್ನೊಂದು ಅರಮನೆಯ ನೆಲಮಾಳಿಗೆಯಲ್ಲಿದೆ, ಮತ್ತೊಂದು ಸೆರೆಮನೆಯಲ್ಲಿ. ಕೊನೆಯದು ಕಡಲ ದಂಡೆಯಲ್ಲಿ ಒತ್ತೊತ್ತಾಗಿ ಇಟ್ಟ ಹದಿನಾರು ಪೆಟ್ಟಿಗೆಗಳ ಪೈಕಿ ಒಂದು. ಇವನ್ನು ತೆರೆಯಬೇಡ ಎಂದು ಆಟ ಎಲ್ಲೂ ಹೇಳುವುದಿಲ್ಲ. ತೆರೆದವನಿಗೆ ತಾನೇನು ಕಳೆದುಕೊಂಡೆ ಎಂಬುದೂ ಗೊತ್ತಾಗುವುದಿಲ್ಲ.

ಇಂಥ ಗುಟ್ಟು ಜಗತ್ತಿನ ಮೂಲೆಮೂಲೆಯ ಆಟಗಾರರಿಗೆ ತಿಳಿಯುತ್ತಿದ್ದದ್ದು ಹೇಗೆ? ಆ ಕಾಲದಲ್ಲಿ ಆಡುತ್ತಿದ್ದವರನ್ನು ಕೇಳಿ ನೋಡಿ, ಬಹಳಷ್ಟು ಮಂದಿ ಒಂದೇ ಹೆಸರು ಹೇಳುತ್ತಾರೆ: ಗೇಮ್‌ಫ್ಯಾಕ್ಸ್. ಆಟವನ್ನು ಆಡಿ ಮುಗಿಸಿದವರು, ಇನ್ನು ಮೇಲೆ ಆಡುವವರಿಗಾಗಿ ಬರೆದಿಟ್ಟ ಮಾರ್ಗದರ್ಶಿಗಳ ಭಂಡಾರ ಅದು. ಬರೆದವರಲ್ಲಿ ಹೆಚ್ಚಿನವರಿಗೆ ಒಂದು ಕಾಸೂ ಸಿಗಲಿಲ್ಲ. ಓದುವವರು ಒಂದು ಕಾಸೂ ಕೊಡಬೇಕಿರಲಿಲ್ಲ. ವಿಡಿಯೊ ಗೇಮ್ ಕುರಿತ ಪತ್ರಿಕೋದ್ಯಮದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ವಿಮರ್ಶೆ, ಸಂದರ್ಶನ, ಅಂಕಪಟ್ಟಿಗಳ ಸುತ್ತಲೇ ಸುತ್ತುತ್ತಾರೆ. ನನ್ನ ಮಟ್ಟಿಗೆ ಆ ಇಡೀ ಕ್ಷೇತ್ರದಲ್ಲಿ ಓದುಗನಿಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಬರವಣಿಗೆ ಎಂದರೆ ಈ ಅಭಿಮಾನಿಗಳದ್ದೇ.

ಇದಕ್ಕೆ ಮೊದಲು ದಾರಿ ಕೇಳಬೇಕೆಂದರೆ ದುಡ್ಡು ಬಿಚ್ಚಬೇಕಿತ್ತು. ಅಮೆರಿಕದಲ್ಲಿ ನಿಂಟೆಂಡೊ ಕಂಪನಿ 1988ರಲ್ಲಿ ‘ನಿಂಟೆಂಡೊ ಪವರ್’ ಎಂಬ ಪತ್ರಿಕೆ ತಂದಿತು. ಫೋನ್ ಮಾಡಿದರೆ ಆಟದ ಸಲಹೆ ಕೊಡುವ ಸಿಬ್ಬಂದಿಯನ್ನೂ ಇಟ್ಟಿತ್ತು. ತೊಂಬತ್ತರ ದಶಕದಲ್ಲಿ ಪ್ರೀಮಾ, ಬ್ರೇಡಿಗೇಮ್ಸ್ ಎಂಬ ಪ್ರಕಾಶನಗಳು ಒಂದೊಂದು ಆಟಕ್ಕೂ ಬಣ್ಣಬಣ್ಣದ ದಪ್ಪ ಪುಸ್ತಕ ಹಾಕಿ ಚೆನ್ನಾಗಿ ವ್ಯಾಪಾರ ಮಾಡಿದವು. ಇತ್ತ 1991ರಲ್ಲಿ ‘ಸ್ಟ್ರೀಟ್ ಫೈಟರ್ 2’ ಬಂದಾಗ, ಆರ್ಕೇಡ್‌ಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಹುಡುಗರು ಯಾವ ಗುಂಡಿ ಯಾವಾಗ ಒತ್ತಿದರೆ ಯಾವ ಪಟ್ಟು ಎಂಬುದನ್ನು ಪಟ್ಟಿ ಮಾಡಿ, ವಿಶ್ವವಿದ್ಯಾಲಯಗಳ ಕಂಪ್ಯೂಟರ್‌ಗಳ ಮೂಲಕ ಒಬ್ಬರಿಂದೊಬ್ಬರಿಗೆ ದಾಟಿಸತೊಡಗಿದರು. ಈ ಪಟ್ಟಿಗಳಿಗೆ ಎಫ್‌ಎಕ್ಯೂ (ಪದೇಪದೇ ಕೇಳುವ ಪ್ರಶ್ನೆಗಳು) ಎಂಬ ಹೆಸರು ಅಂಟಿಕೊಂಡಿತು. ಆಟಗಳ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಆಂಡಿ ಎಡ್ಡಿ ಎಂಬವರು ಅವನ್ನೆಲ್ಲ ಒಂದು ಕಡೆ ಕೂಡಿಡತೊಡಗಿದರು.

ಜೆಫ್ ವೀಸಿ ಎಂಬ ಅಮೆರಿಕನ್ ಆ ಸಂಗ್ರಹದ ಒಂದು ಪ್ರತಿಯನ್ನು ಎಲ್ಲರಿಗೂ ಸುಲಭವಾಗಿ ಸಿಗುವಂತೆ ಜಾಲಕ್ಕೆ ಏರಿಸಿದ್ದು 1995ರ ನವೆಂಬರ್ 5ರಂದು. ಎಒಎಲ್ ಕಂಪನಿ ತನ್ನ ಚಂದಾದಾರರಿಗೆ ಕೊಡುತ್ತಿದ್ದ ಪುಟ್ಟ ಜಾಗದಲ್ಲಿ, ‘ವಿಡಿಯೊ ಗೇಮ್ ಎಫ್‌ಎಕ್ಯೂ ಆರ್ಕೈವ್’ ಎಂಬ ಹೆಸರಿನಲ್ಲಿ, ನೂರರಷ್ಟು ಬರಹಗಳೊಂದಿಗೆ ಕೆಲಸ ಆರಂಭವಾಯಿತು. ಮರುವರ್ಷ ಸ್ವಂತ ವಿಳಾಸವೂ ಗೇಮ್‌ಫ್ಯಾಕ್ಸ್ ಎಂಬ ಹೆಸರೂ ಬಂದವು. ಸಿಜೇಸಿ ಎಂಬ ಅಡ್ಡಹೆಸರಿನಲ್ಲಿ ಬಳಕೆದಾರರಿಗೆ ಪರಿಚಿತರಾಗಿದ್ದ ವೀಸಿ, ಬಂದ ಬರಹಗಳನ್ನು ತಾವೇ ನೋಡಿ, ತಾವೇ ಏರಿಸುತ್ತಿದ್ದರು. ಕದ್ದು ಕಳಿಸಿದ್ದು ಗೊತ್ತಾದರೆ ಬರಹವೂ ಹೊರಗೆ, ಕಳಿಸಿದವನೂ ಹೊರಗೆ. ಒಬ್ಬನೇ ಮನುಷ್ಯ ಪಟ್ಟುಹಿಡಿದು ಕಾದ ಈ ಶಿಸ್ತು ತಾಣದ ಬೆಳವಣಿಗೆಯ ಮೊದಲ ಗುಟ್ಟು.

ಎರಡನೆಯದು, ಬಡತನ. ಚಿತ್ರವಿಲ್ಲ, ಬಣ್ಣವಿಲ್ಲ, ದಪ್ಪಕ್ಷರ ಕೂಡ ಇಲ್ಲ. ಎಲ್ಲವೂ ಬರಿಯ ಪಠ್ಯ, ಒಂದು ಸಾಲಿಗೆ 79 ಅಕ್ಷರ. ಹಳೆಯ ಕಂಪ್ಯೂಟರ್ ಪರದೆಗಳ ಅಗಲ 80 ಅಕ್ಷರ. ಅದಕ್ಕೂ ಹಿಂದೆ ಐಬಿಎಂ ಪಂಚ್ ಕಾರ್ಡ್‌ಗಳಲ್ಲೂ 80 ಕಾಲಂಗಳೇ. ಆ ಅಳತೆಯೊಳಗೆ ಬರೆದದ್ದು ಯಾವ ಯಂತ್ರದಲ್ಲಿ ತೆರೆದರೂ ಚೆದುರುವುದಿಲ್ಲ. ಐನೂರು ಕಿಲೋಬೈಟ್‌ನ ಕಡತವೆಂದರೆ ಐದು ಲಕ್ಷ ಅಕ್ಷರ, ದೊಡ್ಡದೊಂದು ಕಾದಂಬರಿಯಷ್ಟು ಬರಹ. ಅದು ಫ್ಲಾಪಿಯಲ್ಲಿ ಹಿಡಿಸುತ್ತಿತ್ತು, ಫೋನ್ ತಂತಿಯ ನಿಧಾನ ಸಂಪರ್ಕದಲ್ಲೂ ಇಳಿಯುತ್ತಿತ್ತು. ಗಂಟೆಗಿಷ್ಟು ಎಂದು ತೆತ್ತು ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಸೈಬರ್ ಕೆಫೆಗಳಲ್ಲಿ ಕೂತವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಚಿತ್ರ ತುಂಬಿದ ಪುಟವೊಂದು ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಮೂಡುವಷ್ಟರಲ್ಲಿ ಅರ್ಧ ದುಡ್ಡು ಕರಗಿಹೋಗುತ್ತಿದ್ದ ಕಾಲ ಅದು.

ಈ ಬಡತನದೊಳಗೆ ಒಂದು ಕುಶಲಕಲೆಯೇ ಹುಟ್ಟಿತು. ಮಾರ್ಗದರ್ಶಿಯೊಂದನ್ನು ತೆರೆದರೆ ಮೊದಲಿಗೆ ಆಟದ ಹೆಸರು ಕಾಣಿಸುತ್ತದೆ, ಓರೆಗೀಟು, ಅಡಿಗೀಟು, ಆವರಣ ಚಿಹ್ನೆಗಳನ್ನು ಜೋಡಿಸಿ ಕಟ್ಟಿದ ದೊಡ್ಡ ಅಕ್ಷರಗಳಲ್ಲಿ. ಚುಕ್ಕಿ ರಂಗೋಲಿ ಬಿಡಿಸುವವರಿಗೆ ಇರುವ ಕಣ್ಣಳತೆ ಇದಕ್ಕೂ ಬೇಕು. ಒಂದು ಖಾಲಿ ಜಾಗ ಹೆಚ್ಚಾದರೂ ಆಕಾರ ಕೆಡುತ್ತದೆ. ಅದರ ಕೆಳಗೆ ಆವೃತ್ತಿಯ ಸಂಖ್ಯೆ, ಯಾವ ದಿನ ಏನು ತಿದ್ದಿದೆ ಎಂಬ ದಿನಚರಿ. ಆಮೇಲೆ ಪರಿವಿಡಿ. ಪುಟಸಂಖ್ಯೆ ಇಲ್ಲದ ಕಡತದಲ್ಲಿ ಪರಿವಿಡಿ ಇಟ್ಟು ಏನು ಮಾಡುವುದು? ಅದಕ್ಕೂ ಉಪಾಯ ಕಂಡುಕೊಂಡರು. ಪ್ರತಿ ಅಧ್ಯಾಯಕ್ಕೂ ಚೌಕ ಆವರಣದೊಳಗೆ ಒಂದು ಗುರುತು ಕೊಟ್ಟರು. ಅದನ್ನು ಹುಡುಕುಪಟ್ಟಿಗೆ ಹಾಕಿದರೆ ನೇರವಾಗಿ ಆ ಜಾಗಕ್ಕೆ ಜಿಗಿಯಬಹುದು. ಗವಿಗಳ ನಕ್ಷೆಗೆ ಗೋಡೆಯ ಜಾಗದಲ್ಲಿ ಅಡ್ಡಗೀಟು ಉದ್ದಗೀಟು, ಪೆಟ್ಟಿಗೆ ಇರುವಲ್ಲಿ ಒಂದು ಅಕ್ಷರ, ಕೆಳಗೆ ಆ ಅಕ್ಷರದ ವಿವರಣೆ. ಇಷ್ಟರಿಂದಲೇ ನಾಲ್ಕು ಅಂತಸ್ತಿನ ಕೋಟೆಯನ್ನು ದಾಟಿಸುವಂಥ ನಕ್ಷೆಗಳಿವೆ. ಕೆಲವು ಬರಹಗಳಂತೂ ಆಟದ ಲೆಕ್ಕಾಚಾರಕ್ಕೇ ಕೈಹಾಕಿದವು: ಒಂದು ಏಟಿಗೆ ಶತ್ರುವಿನ ಬಲ ಎಷ್ಟು ಕುಗ್ಗುತ್ತದೆ, ಯಾವ ವಸ್ತು ಎಷ್ಟಕ್ಕೊಂದು ಸಲ ಸಿಗುತ್ತದೆ ಎಂಬ ಸೂತ್ರಗಳನ್ನು ಆಟದ ಒಳಗಿನಿಂದ ಬಗೆದು ತೆಗೆದು ಇಟ್ಟವು.

ಪುಸ್ತಕದ ಉದ್ಯಮ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ ಪ್ರಸಂಗವೊಂದನ್ನು ಇಲ್ಲಿ ಹೇಳಲೇಬೇಕು. 2000ರಲ್ಲಿ ‘ಫೈನಲ್ ಫ್ಯಾಂಟಸಿ 9’ಕ್ಕೆ ಬ್ರೇಡಿಗೇಮ್ಸ್ ಅಧಿಕೃತ ಮಾರ್ಗದರ್ಶಿ ಹೊರತಂದಿತು. ದುಡ್ಡು ಕೊಟ್ಟು ಕೊಂಡು ತೆರೆದರೆ, ಮುಖ್ಯವಾದ ಕಡೆಗಳಲ್ಲೆಲ್ಲ ಪೂರ್ತಿ ವಿವರದ ಬದಲು ಒಂದು ಸಂಕೇತಪದ. ಆಟದ ಕಂಪನಿಯ ‘ಪ್ಲೇಆನ್‌ಲೈನ್’ ತಾಣಕ್ಕೆ ಹೋಗಿ ಆ ಪದವನ್ನು ಹಾಕಿ ಉಳಿದದ್ದನ್ನು ಓದಿಕೊಳ್ಳಿ ಎಂಬ ಸೂಚನೆ. ಹೇಗೂ ಜಾಲಕ್ಕೇ ಹೋಗಬೇಕೆಂದ ಮೇಲೆ ಓದುಗರು ಗೇಮ್‌ಫ್ಯಾಕ್ಸ್‌ಗೆ ಯಾಕೆ ಹೋಗಬಾರದು? ಎಕ್ಸ್‌ಕ್ಯಾಲಿಬರ್ 2 ಎಂಬ ಕತ್ತಿ ಸಿಗಬೇಕಾದರೆ ಆಟ ಶುರುವಾದ ಹನ್ನೆರಡು ಗಂಟೆಯೊಳಗೆ ಕೊನೆಯ ಘಟ್ಟ ಮುಟ್ಟಿರಬೇಕು ಎಂಬುದನ್ನು ಅಲ್ಲಿಯ ಬರಹಗಾರರು ತಿಳಿಸಿದ್ದಷ್ಟೇ ಅಲ್ಲ, ಯಾವ ಹೊತ್ತಿಗೆ ಎಲ್ಲಿರಬೇಕು ಎಂದು ರೈಲಿನ ವೇಳಾಪಟ್ಟಿಯನ್ನೇ ಬರೆದುಕೊಟ್ಟರು, ಉಚಿತವಾಗಿ.

ಆದರೆ ಈ ತಾಣದ ಬಗ್ಗೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಬೇರೆಯೇ ಇದೆ. ಇಲ್ಲಿ ಪ್ರತಿ ಮಾರ್ಗದರ್ಶಿಗೂ ಬರೆದವರ ಹೆಸರಿದೆ. ಒಂದು ಆಟಕ್ಕೆ ಒಂದೇ ಅಧಿಕೃತ ಬರಹ ಎಂಬ ಕಟ್ಟಳೆ ಇಲ್ಲ. ಹತ್ತು ಜನ ಬರೆದರೆ ಹತ್ತೂ ಉಳಿಯುತ್ತವೆ. ಹಾಗಾಗಿ ಓದುಗರು ಆಟವನ್ನು ಹುಡುಕಿ ಬಂದು ಬರಹಗಾರರನ್ನು ನೆಚ್ಚಿಕೊಂಡು ಹೋಗುತ್ತಿದ್ದರು. ಒಬ್ಬರದು ಬಿಗಿ, ಎಡಕ್ಕೆ ಹೋಗು ಬಲಕ್ಕೆ ತಿರುಗು ಎಂಬಷ್ಟೇ. ಇನ್ನೊಬ್ಬರಿಗೆ ಕಥೆಯ ಮೇಲೆ ಪ್ರೀತಿ. ಪಾತ್ರವೊಂದು ಸಾಯುವ ಘಟ್ಟ ಬಂದರೆ ದಾರಿ ಹೇಳುವುದನ್ನು ನಿಲ್ಲಿಸಿ ಎರಡು ಸಾಲು ಮರುಗಿ ಮುಂದೆ ಹೋಗುತ್ತಾರೆ. ಕೊನೆಯಲ್ಲಿ ಕೃತಜ್ಞತೆಯ ಭಾಗವೊಂದು ಇದ್ದೇ ಇರುತ್ತದೆ. ಇಂಥ ಪೆಟ್ಟಿಗೆ ತಪ್ಪಿಹೋಗಿತ್ತು ಎಂದು ಇಮೇಲ್ ಬರೆದು ತಿಳಿಸಿದವರು ಯಾರು, ಈ ಶತ್ರುವನ್ನು ಸುಲಭವಾಗಿ ಸೋಲಿಸುವ ಉಪಾಯ ಯಾರದ್ದು, ಎಲ್ಲವನ್ನೂ ಹೆಸರು ಹಿಡಿದು ದಾಖಲಿಸಿರುತ್ತಾರೆ. ಒಂದು ಇಮೇಲ್ ಬಂದರೆ ಒಂದು ಹೊಸ ಆವೃತ್ತಿ. ವಿದ್ವತ್ ಪತ್ರಿಕೆಗಳಲ್ಲಿ ಕಾಣುವ ಪ್ರಾಮಾಣಿಕತೆಯನ್ನು ಹದಿನಾರು ಹದಿನೇಳರ ಹುಡುಗ ಹುಡುಗಿಯರು ಯಾರೂ ಹೇಳಿಕೊಡದೆ ಪಾಲಿಸಿದ್ದಾರೆ.

ಹೋರಾಟದ ಆಟಗಳ ಬಗ್ಗೆ ಬರೆದು ಹೆಸರಾದ ಕಾವೊ ಮೆಗುರಾ ಎಂಬ ಅಂಕಿತದ ಲೇಖಕರು, ಓದುಗರು ಹೀಗೆ ಹೆಸರು ನೋಡಿ ನೆಚ್ಚಿಕೊಂಡವರಿಗೆ ಒಳ್ಳೆಯ ಉದಾಹರಣೆ. ‘ಸ್ಟ್ರೀಟ್ ಫೈಟರ್’ ಮಾಲೆಯ ಆಟಗಳಲ್ಲಿ ಒಂದೊಂದು ಪಾತ್ರದ ಒಂದೊಂದು ಪಟ್ಟನ್ನೂ ಅವರು ಕ್ರಮವಾಗಿ ದಾಖಲಿಸಿದರು. ‘ಫೈನಲ್ ಫ್ಯಾಂಟಸಿ 7’ಕ್ಕೆ ಅವರು ಬರೆದ ಮಾರ್ಗದರ್ಶಿಯನ್ನು ಹಿಡಿದು ಆ ಆಟ ಮುಗಿಸಿದವರು ಲೆಕ್ಕವಿಲ್ಲದಷ್ಟು ಮಂದಿ. ಬರಹದ ಹಕ್ಕಿನ ವಿಷಯದಲ್ಲಿ ಅವರು ತೀರಾ ಕಟ್ಟುನಿಟ್ಟು. ಅದಕ್ಕೆ ಕಾರಣವೂ ಇತ್ತು. ಅಭಿಮಾನಿಗಳ ಬರಹವನ್ನು ಹೆಸರಿಲ್ಲದೆ ಎತ್ತಿ ಅಚ್ಚು ಹಾಕುವ ಪತ್ರಿಕೆಗಳೂ, ಮುದ್ರಿಸಿ ಹರಾಜಿಗಿಟ್ಟು ಮಾರುವ ವ್ಯಾಪಾರಿಗಳೂ ಆಗ ಇದ್ದರು. ಹಳೆಯ ಮಾರ್ಗದರ್ಶಿಗಳ ತಲೆಯ ಮೇಲೆ ಇಂದಿಗೂ ಕಾಣುವ ಉದ್ದುದ್ದ ಎಚ್ಚರಿಕೆಗಳು, ಇಂತಿಂಥ ತಾಣದಲ್ಲಿ ಮಾತ್ರ ಇದು ಇರಬಹುದು ಎಂಬ ಪಟ್ಟಿಗಳು ಆ ಕಾಲದ ಗಾಯದ ಗುರುತುಗಳು. ಕಾವೊ ಮೆಗುರಾ 2004ರಲ್ಲಿ ತೀರಿಕೊಂಡರು.

ತಾಣದ ಒಡೆತನದ ಕಥೆ ಬೇಗ ಹೇಳಿ ಮುಗಿಸಬಹುದು. 2003ರಲ್ಲಿ ಅದನ್ನು ಸಿನೆಟ್ ಕಂಪನಿ ಕೊಂಡಿತು. 2007ರಲ್ಲಿ ವೀಸಿ ಹೊರನಡೆದರು. ಮರುವರ್ಷ ಸಿನೆಟ್ಟನ್ನೇ ಸಿಬಿಎಸ್ ಕೊಂಡಿತು, 2020ರಲ್ಲಿ ತಾಣ ರೆಡ್ ವೆಂಚರ್ಸ್ ಪಾಲಾಯಿತು, 2022ರಲ್ಲಿ ಫ್ಯಾಂಡಮ್ ಪಾಲಾಯಿತು. ಹೊಸ ಆಟಗಳಿಗೆ ಬೇಗ ಪೂರ್ಣ ಮಾರ್ಗದರ್ಶಿ ಬರೆದವರಿಗೆ ಸಣ್ಣ ಮೊತ್ತ ಕೊಡುವ ಪದ್ಧತಿ ಬಂತು. ಚಿತ್ರ, ಕೊಂಡಿಗಳಿರುವ ಬರಹಗಳಿಗೂ ಎಡೆ ಸಿಕ್ಕಿತು. ಮಾಲೀಕರು ಇಷ್ಟು ಸಲ ಬದಲಾದರೂ ಹಳೆಯ ಪಠ್ಯಕಡತಗಳನ್ನು ಯಾರೂ ಅಳಿಸಲಿಲ್ಲ ಎಂಬುದನ್ನು ಮೆಚ್ಚಲೇಬೇಕು. ಹೆಸರುವಾಸಿ ಪುಸ್ತಕಗಳಿಗೆ ಆ ಭಾಗ್ಯವಿರಲಿಲ್ಲ: ಬ್ರೇಡಿಗೇಮ್ಸ್ 2015ರಲ್ಲಿ ಪ್ರೀಮಾದೊಳಗೆ ಸೇರಿಹೋಯಿತು, ಪ್ರೀಮಾ ಪುಸ್ತಕಗಳನ್ನು ನಿಲ್ಲಿಸುವುದಾಗಿ ಅದರ ಒಡೆಯರು 2018ರಲ್ಲಿ ಪ್ರಕಟಿಸಿದರು.

ಗೇಮ್‌ಫ್ಯಾಕ್ಸ್‌ಗೆ ನಿಜವಾದ ಪೈಪೋಟಿ ಬಂದದ್ದು ಎರಡು ಕಡೆಯಿಂದ. 2005ರಲ್ಲಿ ಶುರುವಾದ ಯೂಟ್ಯೂಬ್, ದಾರಿಯನ್ನು ಬರೆಯುವ ಬದಲು ನಡೆದೇ ತೋರಿಸಿತು. ಎಲ್ಲರೂ ಸೇರಿ ತಿದ್ದುವ ವಿಕಿಗಳು ಒಂದೊಂದು ಆಟಕ್ಕೂ ವಿಶ್ವಕೋಶ ಕಟ್ಟಿದವು. ಎರಡೂ ಒಳ್ಳೆಯ ಕೆಲಸವೇ. ಕೈಚಳಕದ ಪಟ್ಟುಗಳನ್ನು ನೋಡಿ ಕಲಿಯುವುದು ಸುಲಭ. ಅಂಕಿಅಂಶಕ್ಕೆ ವಿಕಿ ಮೇಲು. ಆದರೆ ಒಂದು ಸಣ್ಣ ಸಂದೇಹಕ್ಕೆ ಇಪ್ಪತ್ತು ನಿಮಿಷದ ವಿಡಿಯೊ ಮುಂದೆ ಹಿಂದೆ ಎಳೆದು ನೋಡಿದವರಿಗೆ ಪಠ್ಯದ ಸುಖ ಗೊತ್ತು. ವಿಕಿಯ ಲೇಖನಕ್ಕೆ ಧ್ವನಿ ಇರುವುದಿಲ್ಲ, ನೂರು ಕೈ ತಿದ್ದಿ ಅದನ್ನು ಸಪಾಟು ಮಾಡಿರುತ್ತವೆ. ಈಚೆಗಂತೂ ಹುಡುಕಾಟದಲ್ಲಿ ಮೇಲೆ ಕಾಣಿಸಿಕೊಳ್ಳಲೆಂದೇ ಬರೆದ, ಒಂದು ಸಾಲಿನ ಉತ್ತರವನ್ನು ಹತ್ತು ಪ್ಯಾರಾಗಳ ಕೆಳಗೆ ಹೂತಿಡುವ ಪುಟಗಳು ತುಂಬಿಕೊಂಡಿವೆ. ಅವುಗಳ ಪಕ್ಕದಲ್ಲಿ ಇಪ್ಪತ್ತೈದು ವರ್ಷದ ಹಿಂದಿನ ಮಾರ್ಗದರ್ಶಿಯೊಂದನ್ನು ತೆರೆದಿಟ್ಟರೆ, ಯಾರು ಓದುಗನನ್ನು ಗೌರವಿಸಿದ್ದಾರೆ ಎಂಬುದು ತಾನಾಗಿ ಕಾಣುತ್ತದೆ.

ನಮ್ಮಲ್ಲೂ ಆಟ ಆಡುವವರು ಬೇಕಾದಷ್ಟಿದ್ದಾರೆ. ಆಟ ತಯಾರಿಸುವ ಸಂಸ್ಥೆಗಳು 1997ರಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾದಾಗಿನಿಂದ ಬೆಂಗಳೂರಿನಲ್ಲಿವೆ. ಕನ್ನಡದಲ್ಲಿ ಇಂಥ ಬರವಣಿಗೆ ಬೇಕೆಂದು ನನಗೆ ಬಹಳ ಆಸೆ. ತಾಂತ್ರಿಕವಾಗಿ ಒಂದು ತೊಡಕಿದೆ: 79 ಅಕ್ಷರದ ಸಾಲು ನಿಂತಿರುವುದು ಪ್ರತಿ ಅಕ್ಷರವೂ ಒಂದೇ ಅಗಲದ್ದು ಎಂಬ ಲೆಕ್ಕದ ಮೇಲೆ. ನಮ್ಮ ಒತ್ತಕ್ಷರ, ದೀರ್ಘ, ಕೊಂಬುಗಳು ಆ ಚೌಕಟ್ಟಿಗೆ ಕೂರುವುದಿಲ್ಲ, ಪಠ್ಯದಲ್ಲಿ ಬಿಡಿಸಿದ ನಕ್ಷೆಯ ನಡುವೆ ಒಂದು ಕನ್ನಡ ಪದ ಬಂದರೂ ಗೋಡೆಗಳು ವಾಲುತ್ತವೆ. ನಕ್ಷೆಗೆ ಚಿತ್ರ ಬಳಸಿ ಮಾತಿಗೆ ಕನ್ನಡ ಬಳಸಿದರೆ ಆ ತೊಡಕು ತೀರುತ್ತದೆ. ಬರೆಯಲು ಮನಸ್ಸಿರುವವರು ಮೊದಲು ಗೇಮ್‌ಫ್ಯಾಕ್ಸ್‌ನಲ್ಲಿ ತಾವು ಆಡಿ ಮುಗಿಸಿದ ಹಳೆಯ ಆಟವೊಂದರ ಹೆಸರು ಹಾಕಿ, ಅದಕ್ಕೆ ಬಂದಿರುವ ಮೂರು ನಾಲ್ಕು ಮಾರ್ಗದರ್ಶಿಗಳನ್ನು ಅಕ್ಕಪಕ್ಕ ಇಟ್ಟು ಓದಲಿ. ಒಂದೇ ಗವಿಯನ್ನು ನಾಲ್ವರು ನಾಲ್ಕು ರೀತಿಯಲ್ಲಿ ದಾಟಿಸಿದ್ದಾರೆ. ಯಾರ ಮಾತು ಹಿಡಿದರೆ ದಾರಿ ತಪ್ಪುವುದಿಲ್ಲವೋ ಅವರಿಂದ ಕಲಿಯುವುದು ಬಹಳ ಇದೆ.